ಕೋಟಿ ಬೆಲೆಯ ವಿದ್ಯುತ್ ಕಾರು: ಮುಂದಿನ ಸೀಟಿನಿಂದ ಒಂದು ಪತ್ರ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಐಷಾರಾಮಿ ವಿದ್ಯುತ್ ಕಾರುಗಳನ್ನು ಹೋಲಿಸಿ ಬರೆದದ್ದನ್ನು ಎರಡು ಸಲ ಓದಿದೆ. ಒಮ್ಮೆ ಮೀರಾ ರೋಡಿನಿಂದ ಗ್ರ್ಯಾಂಟ್ ರೋಡಿಗೆ ಬರುವ ಲೋಕಲಿನಲ್ಲಿ ನಿಂತುಕೊಂಡು, ಇನ್ನೊಮ್ಮೆ ಆ ಪಟ್ಟಿಯಲ್ಲಿದ್ದ ಒಂದು ಕಾರಿನೊಳಗೇ ಕೂತುಕೊಂಡು. ಕಾರು ನನ್ನದಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ವಾಲ್ಕೇಶ್ವರದ ಒಬ್ಬ ಗುಜರಾತಿ ಶೇಠರ ಮನೆಯಲ್ಲಿ ನಾನು ಡ್ರೈವರ್.

ಅಂದಕ್ಕೆ ಇಷ್ಟು ನಕ್ಷತ್ರ, ಆರಾಮಕ್ಕೆ ಇಷ್ಟು, ದಿನನಿತ್ಯದ ಓಡಾಟಕ್ಕೆ ಇಷ್ಟು ಎಂದು ಹಂಚಿದ್ದೀರಿ. ಮೊದಲೆರಡರಲ್ಲಿ ನನ್ನ ತಕರಾರು ಕಡಿಮೆ. ಮೂರನೆಯದಕ್ಕೆ ನಕ್ಷತ್ರ ಕೊಟ್ಟವರು ಬೆಳಿಗ್ಗೆ ಕೀ ತೆಗೆದುಕೊಂಡು ಸಂಜೆ ವಾಪಸು ಕೊಟ್ಟವರು ಅಂತ ಓದುವಾಗಲೇ ಗೊತ್ತಾಯಿತು. ಈ ಬೆಲೆಯ ಕಾರನ್ನು ಮುಂಬೈಯಲ್ಲಿ ದಿನಾ ಓಡಿಸುವವರು ಯಾರು ಸ್ವಾಮಿ? ಚಾರ್ಜಿಗೆ ಹಾಕುವುದು, ಒರೆಸುವುದು, ಅದರೊಳಗೆ ಮೂರು ಮೂರು ಗಂಟೆ ಕಾಯುವುದು ಎಲ್ಲ ನಾವೇ. ನಮ್ಮನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಪತ್ರ.

ನಾನು ಕುಂದಾಪುರದ ಕಡೆಯವನು. 1984ರಲ್ಲಿ ಬಂದವನು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತನಕ ಓದಿ, 1991ರಲ್ಲಿ ಟ್ಯಾಕ್ಸಿ ಬ್ಯಾಜ್ ಮಾಡಿಸಿಕೊಂಡೆ. ಪೇಪರಿನವರು ಪ್ರೀಮಿಯರ್ ಪದ್ಮಿನಿ ಅಂತ ಬರೆಯುತ್ತಾರೆ, ನಮಗೆ ಅದು ಕೊನೆತನಕ ಫಿಯಟ್ಟೇ. ಇಲ್ಲೇ ಕುರ್ಲಾದಲ್ಲಿ ತಯಾರಾದ ಗಾಡಿ. 2023ರ ಅಕ್ಟೋಬರಿನಲ್ಲಿ ಮುಂಬೈ ಟ್ಯಾಕ್ಸಿಗಳಿಂದ ಅದು ಮರೆಯಾದ ದಿನ ನಾನು ರಜೆ ಹಾಕಿ ನೋಡಲು ಹೋಗಬೇಕೆಂದಿದ್ದೆ, ರಜೆ ಸಿಗಲಿಲ್ಲ. ಆ ಫಿಯಟ್ಟಿನ ಗೇರು ಸ್ಟೀರಿಂಗಿನ ಕೆಳಗೆ ಎಡಗೈಗೆ ಸಿಗುತ್ತಿತ್ತು. ಮೂವತ್ತು ವರ್ಷದ ಮೇಲೆ ನನ್ನ ಕೈಗೆ ಬಂದ ಮರ್ಸಿಡಿಸ್ ಇಕ್ಯೂಎಸ್‌ನಲ್ಲಿಯೂ ಗೇರು ಸ್ಟೀರಿಂಗಿನಲ್ಲೇ ಇದೆ, ಬಲಗಡೆ, ಒಂದು ಸಣ್ಣ ಕಡ್ಡಿ. ನಡುವೆ ಹತ್ತು ವರ್ಷ ಶೇಠರ ಟೊಯೊಟಾ ಕ್ಯಾಮ್ರಿ ಕಾರು ಓಡಿಸಿದ ಕೈಗೆ ಬಲಗಡೆ ಕಡ್ಡಿ ಅಂದರೆ ಇಂಡಿಕೇಟರ್. ಮೊದಲ ವಾರ ಬಾಬುಲನಾಥದ ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ ಅಂತ ತಿಳಿದೆ, ಗಾಡಿ ನ್ಯೂಟ್ರಲಿಗೆ ಹೋಗಿ ಸುಮ್ಮನೆ ತೇಲುತ್ತಿತ್ತು. ಹಿಂದೆ ಕೂತ ಶೇಠರಿಗೆ ಗೊತ್ತೇ ಆಗಲಿಲ್ಲ. ಸದ್ದು ಇಲ್ಲದ ಗಾಡಿಯ ಒಂದು ಉಪಕಾರ ಅದು.

ಇನ್ನೊಂದು ಅಭ್ಯಾಸ ಬಿಡಬೇಕಾಯಿತು. ಫಿಯಟ್ ಕಾಲದಿಂದ ಬೆಳಿಗ್ಗೆ ಗಾಡಿ ಮುಟ್ಟಿದ ಕೂಡಲೇ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿ ನೋಡುವುದು, ರೇಡಿಯೇಟರಿಗೆ ನೀರು ಹೊಯ್ಯುವುದು, ಆಮೇಲೆಯೇ ಊದುಬತ್ತಿ. ಇಕ್ಯೂಎಸ್‌ನ ಬಾನೆಟ್ ನಾವು ತೆರೆಯುವಂಥದ್ದಲ್ಲ. ಮುಚ್ಚಿಯೇ ಇರುತ್ತದೆ, ವರ್ಕ್‌ಶಾಪಿನವರು ಮಾತ್ರ ತೆರೆಯಬೇಕು. ಗಾಜು ತೊಳೆಯುವ ನೀರು ತುಂಬಲು ಮುಂದಿನ ಚಕ್ರದ ಹತ್ತಿರ ಅಂಗೈಯಷ್ಟು ಅಗಲದ ಮುಚ್ಚಳ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಅದನ್ನು ಒತ್ತಿ ತೆಗೆದು, ಬಾಟಲಿಯಿಂದ ಎರಡು ಗುಟುಕು ನೀರು ಹಾಕಿ ಮುಚ್ಚುತ್ತೇನೆ. ಅಗತ್ಯ ಇರುವುದಿಲ್ಲ. ಆದರೂ ಹಾಕುತ್ತೇನೆ.

ಅಂದದ ಮಾತಿಗೆ ಬರುತ್ತೇನೆ. ನಮ್ಮದು 2022ರಲ್ಲಿ 1.55 ಕೋಟಿಗೆ ಬಂದ ಇಕ್ಯೂಎಸ್ 580, ಪುಣೆಯ ಹತ್ತಿರದ ಚಾಕಣದಲ್ಲಿ ಜೋಡಿಸಿದ್ದು. ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತ ಮೂಗಿನಿಂದ ಬಾಲದ ತನಕ ಒಂದೇ ಬಿಲ್ಲಿನ ಗೆರೆ ಎಳೆದಿದ್ದಾರೆ. ಗಾಳಿಯ ತಡೆ 0.20 ಅಂತೆ, ಅಷ್ಟು ಕಡಿಮೆ ಇದ್ದರೆ ಬ್ಯಾಟರಿ ಹೆಚ್ಚು ದೂರ ಬರುತ್ತದೆ. ಲೆಕ್ಕ ಸರಿ. ನೋಡಲಿಕ್ಕೆ ಮಾತ್ರ ನೆನೆಹಾಕಿ ಸಿಪ್ಪೆ ಸುಲಿದ ಹಲಸಿನ ಬೇಳೆಯ ಹಾಗಿದೆ. ನನಗೆ ಹಲಸಿನ ಬೇಳೆ ಇಷ್ಟವೇ, ಆದರೆ ಶೇಠರ ಹಿರಿಯ ಮಗ ಇದರ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದು ನಾನು ನೋಡಿಲ್ಲ.

ಬಿಎಂಡಬ್ಲ್ಯು ಐ7 ಇದಕ್ಕೆ ಪೂರ್ತಿ ತಿರುಗುಮುರುಗು. ಅದರ ಪೆಟ್ರೋಲ್ ಅಣ್ಣನದ್ದೇ ಮೈ, ಉದ್ದ ಬಾನೆಟ್ಟು, ಎದುರಿಗೆ ಎರಡು ದೊಡ್ಡ ಮೂಗಿನ ಹೊಳ್ಳೆ, ಮೇಲೊಂದು ಕೆಳಗೊಂದಾಗಿ ಸೀಳಿದ ದೀಪಗಳು. ರಾತ್ರಿ ಆ ಹೊಳ್ಳೆಯ ಸುತ್ತ ಬೆಳಕು ಹೊತ್ತಿದಾಗ ನಮ್ಮೂರ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಹೊಕ್ಕ ಹಾಗಿರುತ್ತದೆ. ಚಂದ ಅಂತ ಹೇಳಲಾರೆ. ಮರೀನ್ ಡ್ರೈವಿನಲ್ಲಿ ಎದುರಿನಿಂದ ಬಂದರೆ ಜನ ತಿರುಗಿ ನೋಡುತ್ತಾರೆ, 1.95 ಕೋಟಿ ಕೊಟ್ಟವರಿಗೆ ಬೇಕಾದದ್ದೂ ಅದೇ ಇರಬೇಕು. ಕಣ್ಣಿಗೆ ನಿಜವಾಗಿ ಚಂದ ಅಂದರೆ ಆಡಿ ಇ-ಟ್ರಾನ್ ಜಿಟಿ. ತಗ್ಗಿಕೊಂಡು, ಹಾರಲು ಹೊಂಚು ಹಾಕಿದ ಬೆಕ್ಕಿನ ಹಾಗೆ. ಎತ್ತರ 1.4 ಮೀಟರು ಅಷ್ಟೇ. ಹಿಂದೆ ಕೂತವರ ಕಾಲಿಗೆ ಜಾಗ ಆಗಲಿ ಅಂತ ಬ್ಯಾಟರಿಯಲ್ಲೇ ಗುಳಿ ಬಿಟ್ಟಿದ್ದಾರೆ, ಬುದ್ಧಿವಂತರು. ಆದರೆ ನಮ್ಮ ಶೇಠರ ತಾಯಿ, ಎಲ್ಲರೂ 'ಬಾ' (ಗುಜರಾತಿಯಲ್ಲಿ ಅಮ್ಮ) ಅಂತ ಕರೆಯುತ್ತೇವೆ, ಎಂಬತ್ತೆರಡು ವರ್ಷ, ಒಮ್ಮೆ ಮೊಮ್ಮಗನ ಗೆಳೆಯನ ಅಂಥದ್ದೇ ತಗ್ಗು ಕಾರಿನಲ್ಲಿ ಕೂತರು. ಇಳಿಸಲು ನಾನು ಒಂದು ಕೈ, ವಾಚ್‌ಮನ್ ಒಂದು ಕೈ. ಇಳಿದು ಸೀರೆ ಸರಿಮಾಡಿಕೊಂಡು, 'ಬಾವಿಯಿಂದ ಎತ್ತಿದಿರಿ ಮಕ್ಕಳೇ' ಅಂದರು.

ಬಾಗಿಲ ಹಿಡಿಯ ವಿಷಯ ನಿಮ್ಮ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಈಗಿನ ಈ ಕಾರುಗಳಲ್ಲಿ ಕೆಲವಕ್ಕೆ, ನಮ್ಮದಕ್ಕೂ, ಹಿಡಿ ಬಾಗಿಲೊಳಗೆ ಹುದುಗಿರುತ್ತದೆ, ಕೀ ಹತ್ತಿರ ಬಂದಾಗ ಹೊರಗೆ ಬರುತ್ತದೆ. ಕೀ ಇರುವುದು ನನ್ನ ಕಿಸೆಯಲ್ಲಿ. ನಾನು ಪಾನ್ ಅಂಗಡಿಯ ಹತ್ತಿರ ಇದ್ದರೆ ಬಾ ಬಾಗಿಲು ತಡಕುತ್ತಾ ನಿಂತಿರುತ್ತಾರೆ, ಮಳೆ ಬೇರೆ. ಐ7ರಲ್ಲಿ ಗುಂಡಿ ಒತ್ತಿದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಅದು ಒಳ್ಳೆಯದು. ಭುಲೇಶ್ವರದ ಗಲ್ಲಿಯಲ್ಲಿ ಆ ಬಾಗಿಲು ತೆರೆಯುವಷ್ಟು ಜಾಗ ಎಲ್ಲಿದೆ ಅಂತ ಮಾತ್ರ ಕೇಳಬಾರದು.

ಆರಾಮದಲ್ಲಿ ನಿಮ್ಮವರು ಐ7ಕ್ಕೆ ಎಲ್ಲ ನಕ್ಷತ್ರ ಕೊಟ್ಟದ್ದು ಸರಿಯೇ. ಹಿಂದಿನ ಸೀಟು ಮಂಚದ ಹಾಗೆ ಮಲಗುತ್ತದೆ, ಛಾವಣಿಯಿಂದ 31.3 ಇಂಚಿನ ಟಿವಿ ಇಳಿಯುತ್ತದೆ. ಅದನ್ನು ಓಡಿಸುವವನು ಜಮಖಂಡಿಯವನು, ನನ್ನ ದೋಸ್ತ. ಟಿವಿ ಇಳಿದ ಮೇಲೆ ಹೇಗೆ ಓಡಿಸುತ್ತೀಯ ಅಂತ ಕೇಳಿದೆ. 'ನಡುವಿನ ಕನ್ನಡಿಯೊಳಗ ಬರೇ ಟಿವಿ ಬೆನ್ನ ಕಾಣ್ತದ ನೋಡ್ರಿ. ಎಡ-ಬಲ ಕನ್ನಡಿ ಮ್ಯಾಲೇ ದೇವರ ಹೆಸರ ಹೇಳಿ ಹೊಡೀತೇನಿ' ಅಂದ. ಹಿಂದಿನವರ ಆರಾಮಕ್ಕೂ ಮುಂದಿನವನ ಆರಾಮಕ್ಕೂ ಬೇರೆ ಬೇರೆ ನಕ್ಷತ್ರ ಇಡಬಾರದೇ?

ಬ್ರೇಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ವಿದ್ಯುತ್ ಕಾರಿನಲ್ಲಿ ಕಾಲು ಎತ್ತಿದ ಕೂಡಲೇ ಮೋಟರು ತಿರುಗುಮುರುಗಾಗಿ ದುಡಿದು ಬ್ಯಾಟರಿಗೆ ಕರೆಂಟು ತುಂಬುತ್ತದೆ, ಗಾಡಿ ತಾನೇ ನಿಧಾನ ಆಗುತ್ತದೆ. ಎಷ್ಟು ಜೋರಾಗಿ ಎಳೆದು ಹಿಡಿಯಬೇಕು ಅನ್ನುವುದನ್ನು ನಮ್ಮದರಲ್ಲಿ ಸ್ಟೀರಿಂಗಿನ ಹಿಂದಿನ ಎರಡು ಪಟ್ಟಿಯಿಂದ ಹೆಚ್ಚುಕಡಿಮೆ ಮಾಡಬಹುದು. ಸ್ವಂತ ಓಡಿಸುವ ಹುಡುಗರು ಪೂರ್ತಿ ಜೋರಿನಲ್ಲಿಟ್ಟು, ಒಂದೇ ಪೆಡಲಿನಲ್ಲಿ ಇಡೀ ಊರು ಸುತ್ತಿದೆ ಅಂತ ಹೇಳಿಕೊಳ್ಳುತ್ತಾರೆ. ಹಿಂದೆ ಕೂತು ಮೊಬೈಲ್ ನೋಡುವವರಿಗೆ ಹತ್ತು ನಿಮಿಷದಲ್ಲಿ ತಲೆ ತಿರುಗುತ್ತದೆ. ಪೆಡ್ಡರ್ ರೋಡಿನಲ್ಲಿ ಬಾ ಅವರ ತಲೆ ಕೋಲೆ ಬಸವನ ಹಾಗೆ ಆಡುವುದನ್ನು ಕನ್ನಡಿಯಲ್ಲಿ ನೋಡಿ ನಾನು ಊರೊಳಗೆ ಅದನ್ನು ಪೂರ್ತಿ ಕಡಿಮೆ ಮಾಡಿದೆ. ಜೋರಿನಲ್ಲಿ ಇಡಬೇಕಾದದ್ದು ಪುಣೆಯಿಂದ ಬರುವಾಗ ಖಂಡಾಲಾ ಘಾಟಿನಲ್ಲಿ. ಲೋಣಾವಳ ಬಿಟ್ಟು ಖೋಪೋಲಿಗೆ ಇಳಿಯುವ ತನಕ ಬ್ರೇಕಿಗೆ ಕಾಲಿಡುವ ಕೆಲಸವೇ ಕಡಿಮೆ, ಬ್ಯಾಟರಿ ಇಳಿಯುವ ಬದಲು ಒಂದೆರಡು ಶೇಕಡಾ ಏರಿರುತ್ತದೆ. ಎರಡೂವರೆ ಟನ್ ತೂಕದ ಗಾಡಿ ಘಾಟಿಯಲ್ಲಿ ಬ್ರೇಕ್ ಸುಟ್ಟ ವಾಸನೆ ಇಲ್ಲದೆ ಇಳಿಯುತ್ತದೆ ಅಂದರೆ ಟ್ಯಾಕ್ಸಿಯವನಾದ ನನಗೆ ಅದು ದೊಡ್ಡ ಸಂಗತಿ. 2025ರ ಆಗಸ್ಟಿನಿಂದ ಮುಂಬೈ-ನವಿ ಮುಂಬೈ ನಡುವಿನ ಸಮುದ್ರ ಸೇತುವೆ ಅಟಲ್ ಸೇತುವಿನಲ್ಲಿ ವಿದ್ಯುತ್ ಕಾರಿಗೆ ಟೋಲ್ ಬಿಟ್ಟಿದ್ದಾರೆ. ಕೋಟಿಯ ಕಾರಿಗೆ ಟೋಲ್ ಮಾಫಿ, ನನ್ನ ಅಳಿಯನ ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್‌ಗೆ ಪೂರ್ತಿ ಟೋಲ್. ಇರಲಿ.

ಕಾಯುವ ಹೊತ್ತಿನ ಮಾತು ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ. ನನ್ನ ದಿನದಲ್ಲಿ ಓಡಿಸುವುದು ಮೂರು ಗಂಟೆಯಾದರೆ ಕಾಯುವುದು ಆರು ಗಂಟೆ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಹಾಕಿ ಎಸಿ ಬಿಟ್ಟರೆ ಡೀಸೆಂಟ್ ಜನ ಯಾರೂ ಒಪ್ಪುವುದಿಲ್ಲ, ಹೊಗೆ, ಖರ್ಚು ಎರಡೂ. ಮೇ ತಿಂಗಳಲ್ಲಿ ನರಿಮನ್ ಪಾಯಿಂಟಿನ ಬಿಸಿಲಿನಲ್ಲಿ ಬಾಗಿಲು ತೆರೆದಿಟ್ಟು, ಪೇಪರಿನಿಂದ ಗಾಳಿ ಬೀಸಿಕೊಂಡು ಇಷ್ಟು ವರ್ಷ ಕಳೆದೆ. ಈ ಗಾಡಿಯಲ್ಲಿ ಎಂಜಿನ್ನೇ ಇಲ್ಲ, ನಿಂತಲ್ಲೇ ಎಸಿ ನಡೆಯುತ್ತದೆ. ನಾನು ಲೆಕ್ಕ ಇಟ್ಟು ನೋಡಿದ್ದೇನೆ: 107.8 ಯೂನಿಟಿನ ಬ್ಯಾಟರಿಯಲ್ಲಿ ಮೂರು ಗಂಟೆಗೆ ಹೆಚ್ಚೆಂದರೆ ನಾಲ್ಕು ಶೇಕಡಾ. ಮೊದಲ ದಿನ ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ ಸೀಟು ಸ್ವಲ್ಪ ಹಿಂದೆ ಮಾಡಿದವನಿಗೆ ಎಚ್ಚರ ಆದಾಗ ಅಂಗಿ ಒದ್ದೆಯಾಗಿರಲಿಲ್ಲ. ಮೈಯೆಲ್ಲ ಒಂಥರಾ ಸುಮ್ಮನಿತ್ತು.

ನಮ್ಮ ಶೇಠರು ಏನೂ ಅನ್ನುವುದಿಲ್ಲ. ಎಲ್ಲರೂ ಹಾಗಿರುವುದಿಲ್ಲ. ಈ ಗಾಡಿಗಳ ಸುದ್ದಿಯೆಲ್ಲ ಮಾಲೀಕರ ಮೊಬೈಲಿಗೆ ಹೋಗುತ್ತದೆ: ಎಲ್ಲಿ ನಿಂತಿದೆ, ಬ್ಯಾಟರಿ ಎಷ್ಟು ಇಳಿದಿದೆ. ನಮ್ಮ ಪೈಕಿ ಒಬ್ಬನಿಗೆ ಎಂಟನೇ ಮಾಳಿಗೆಯ ಮೀಟಿಂಗಿನಿಂದ ಫೋನ್ ಬಂತು, ಎಸಿ ಯಾಕೆ ಹಾಕಿದ್ದೀ ಅಂತ. ಅಂದಿನಿಂದ ಅವನು ಕೋಟಿಯ ಗಾಡಿಯ ಹೊರಗೆ ಕಟ್ಟೆಯ ಮೇಲೆ ಕೂರುತ್ತಾನೆ.

ಇನ್ನೊಂದು ಕಂಪನಿಯ ಗಾಡಿ, ಹೆಸರು ಬೇಡ. ಜುಲೈ ಮಳೆಯಲ್ಲಿ ಹಾಜಿ ಅಲಿ ಸಿಗ್ನಲಿನಲ್ಲಿ ಅದರ ಪರದೆ ಕಪ್ಪಾಗಿ ನಿಂತಿತು. ಎಸಿ, ಗಾಜಿನ ಮಬ್ಬು ತೆಗೆಯುವ ಗಾಳಿ ಎಲ್ಲ ಆ ಪರದೆಯೊಳಗೇ. ಒಳಗಿಂದ ಗಾಜು ಮಂಜಾಗುತ್ತಾ ಬಂತು, ಬದಲಿ ಡ್ರೈವರಾಗಿ ಹೋದ ನಾನು ಕರ್ಚೀಫಿನಿಂದ ಒರೆಸುತ್ತಾ ವರ್ಲಿ ಮುಟ್ಟಿಸಿದೆ. ಗಾಡಿ ಬಂದ್ ಮಾಡಿ ಲಾಕ್ ಹಾಕಿ ಹತ್ತು ನಿಮಿಷ ಬಿಡಿ ಅಂತ ಫೋನಿನಲ್ಲಿ ಹೇಳಿದರು. ಬಿಟ್ಟ ಮೇಲೆ ಸರಿಯಾಯಿತು. ಗಾಳಿಗೊಂದು, ಮಬ್ಬಿಗೊಂದು ತಿರುಗಿಸುವ ಗುಂಡಿ ಇದ್ದರೆ ಅಂದ ಕೆಡುತ್ತದೆಯೇ? 2025ರ ಜುಲೈಯಲ್ಲಿ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಅಂಗಡಿ ತೆರೆದ ಟೆಸ್ಲಾದ ಮಾಡೆಲ್ ವೈಯಲ್ಲಂತೂ ಗೇರು ಕೂಡ ಪರದೆಯ ಮೇಲೆ ಬೆರಳೆಳೆದು ಹಾಕುವುದು. ಅದನ್ನು ನಾನು ಓಡಿಸಿಲ್ಲ, ಹೊರಗಿನಿಂದ ನೋಡಿದ್ದು ಮಾತ್ರ.

ಚಾರ್ಜಿಂಗಿನ ಬಗ್ಗೆ 'ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಳ್ಳಬಹುದು' ಎಂದು ಒಂದೇ ಸಾಲು ಬರೆದಿದ್ದೀರಿ. 11 ಕಿಲೋವ್ಯಾಟಿನ ಪೆಟ್ಟಿಗೆ ಗೋಡೆಯಲ್ಲಿದ್ದರೆ ನಿಜ, ಹತ್ತು ಗಂಟೆಯಲ್ಲಿ ತುಂಬುತ್ತದೆ. ಆ ಪೆಟ್ಟಿಗೆ ಕೂರಿಸಲು ಕಟ್ಟಡದ ಹೌಸಿಂಗ್ ಸೊಸೈಟಿ ಕಮಿಟಿಯ ಒಪ್ಪಿಗೆ ಬೇಕು. ನನಗೆ ಗೊತ್ತಿರುವ ಒಂದು ಕಟ್ಟಡದಲ್ಲಿ ಏಳು ತಿಂಗಳು ಒಪ್ಪಿಗೆ ಸಿಗಲಿಲ್ಲ. ಅಲ್ಲಿಯ ತನಕ ಸಾದಾ 15 ಆಂಪ್ ಪ್ಲಗ್ಗು, ಖಾಲಿ ಬ್ಯಾಟರಿ ತುಂಬಲು ಒಂದೂವರೆ ದಿನ. ಉಳಿದ ದಿನ ಡ್ರೈವರು ಶಾಪಿಂಗ್ ಮಾಲಿನ ನೆಲಮಾಳಿಗೆಯಲ್ಲಿ. ಅಲ್ಲಿ ಸಿಗುವ 50 ಕಿಲೋವ್ಯಾಟಿನ ಮಿಶಿನ್ನಿಗೆ ಇಂಥ ದೊಡ್ಡ ಬ್ಯಾಟರಿ ಶೇಕಡಾ ಹತ್ತರಿಂದ ಎಂಬತ್ತಕ್ಕೆ ಏರಲು ಒಂದೂವರೆ ಗಂಟೆ, ನಿಮ್ಮ ಮುಂದೆ ಇನ್ನೊಬ್ಬ ಇದ್ದರೆ ಮೂರು. ರಾತ್ರಿ ಹನ್ನೊಂದಕ್ಕೆ ಗಾಡಿ ಬಿಟ್ಟು ಕೊನೆಯ ಲೋಕಲಿಗೆ ಓಡುವವನ ಹೊತ್ತನ್ನು ಯಾವ ನಕ್ಷತ್ರದಲ್ಲಿ ಸೇರಿಸಿದ್ದೀರಿ? ಇಕ್ಯೂಎಸ್ ಒಂದು ಚಾರ್ಜಿಗೆ 857 ಕಿಲೋಮೀಟರು ಓಡುತ್ತದೆ ಅನ್ನುವುದು ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐಯ ಅಂಕಿ. ಪರೀಕ್ಷೆಯಲ್ಲಿ ದಾದರ್ ಟಿಟಿ ಸರ್ಕಲಿನ ಟ್ರಾಫಿಕ್ ಬರುವುದಿಲ್ಲವಲ್ಲ, ನನ್ನ ಲೆಕ್ಕದಲ್ಲಿ ಊರೊಳಗೆ ಎಸಿ ಸಮೇತ ಆರು ನೂರಕ್ಕೆ ಸ್ವಲ್ಪ ಕೆಳಗೆ. ಅಷ್ಟಾದರೂ ವಾರಕ್ಕೆ ಧಾರಾಳ.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ: ಹಿಂದೆ ಕೂರುವವರಿಗೆ ಐ7, ಓಡಿಸುವವನಿಗೆ ಇಕ್ಯೂಎಸ್. ಹಿಂದಿನ ಚಕ್ರವೂ ತಿರುಗುವುದರಿಂದ ಐದು ಮೀಟರು ದಾಟಿದ ಗಾಡಿ ನಮ್ಮ ಕಟ್ಟಡದ ಸೊಟ್ಟ ಇಳಿಜಾರಿನಲ್ಲಿ ಒಂದೇ ಸಲಕ್ಕೆ ಹೊರಳುತ್ತದೆ. ಹೀಗಂದರೂ, ನಮ್ಮ ಶೇಠಾಣಿ ದಿನಾ ಕೇಳುವುದು ಮನೆಯ ಇನ್ನೊಂದು ಗಾಡಿಯನ್ನು, ಇಕ್ಯೂಎಸ್‌ನ ಸುಮಾರು ಮೂರನೇ ಒಂದು ಪಾಲು ಬೆಲೆಯ ಹ್ಯುಂಡೈ ಅಯಾನಿಕ್ 5. ನೆಲ ಚಪ್ಪಟೆ, ಕೂರುವ ಎತ್ತರ ಸರಿ, ಬಾ ತಾವೇ ಹತ್ತಿ ಇಳಿಯುತ್ತಾರೆ. ಅದರಿಂದ ವೈರ್ ಎಳೆದು ಮಿಕ್ಸಿಯನ್ನೂ ನಡೆಸಬಹುದು. ಗಣೇಶ ಚೌತಿಯ ರಾತ್ರಿ ಗಿರಗಾಂವಿನಲ್ಲಿ ಸಿಕ್ಕಿಬಿದ್ದಾಗ ನಾವು ನಾಲ್ವರು ಡ್ರೈವರುಗಳು ಅದಕ್ಕೆ ಕೆಟಲ್ ಸಿಕ್ಕಿಸಿ ಚಹಾ ಮಾಡಿದೆವು. ಶೇಠಾಣಿ ಗಾಜು ಇಳಿಸಿ ತಮಗೂ ಅರ್ಧ ಕಪ್ ಕೇಳಿದರು.

ಕೊನೆಗೆ ಒಂದು ತಿದ್ದುಪಡಿ. ಹಿಂದೆ ಸಾಮಾನು ಇಡುವ ಡಿಕ್ಕಿಯ ಅಳತೆಯನ್ನು ಲೀಟರಿನಲ್ಲಿ ಕೊಟ್ಟಿದ್ದೀರಿ, ಇಕ್ಯೂಎಸ್ 610, ಐ7 500. ಲೀಟರಿನ ಲೆಕ್ಕ ಹಾಲಿನವನಿಗೆ ಸರಿ. ಏಪ್ರಿಲ್-ಮೇಯಲ್ಲಿ ಶೇಠರು ನೆಂಟರಿಷ್ಟರಿಗೆ ಹಾಪೂಸ್ ಮಾವಿನ ಹಣ್ಣಿನ ಪೆಟ್ಟಿಗೆ ಹಂಚುತ್ತಾರೆ. ಇಕ್ಯೂಎಸ್‌ನ ಹಿಂದಿನ ಗಾಜಿನ ಸಮೇತ ಬಾಗಿಲು ಮೇಲಕ್ಕೆ ಏಳುವುದರಿಂದ ಪೆಟ್ಟಿಗೆಯನ್ನು ನೆಟ್ಟಗೆ ಇಳಿಸಿ ಒಂದರ ಮೇಲೊಂದು ಕೂರಿಸಬಹುದು, ನನ್ನ ಕೈಯಲ್ಲಿ ಹನ್ನೆರಡು ಹಿಡಿದಿವೆ. ಜಮಖಂಡಿಯವನದ್ದರಲ್ಲಿ ಎಂಟು, ಮೇಲಿನ ಎರಡನ್ನು ಓರೆ ಮಾಡಿ ನೂಕಬೇಕು.

ಹೆಸರು ಹಾಕಬೇಡಿ, ಶೇಠರ ಮನೆಗೆ ನಿಮ್ಮ ಪೇಪರು ಬರದಿದ್ದರೂ ಅವರ ಕ್ಯಾಂಟೀನಿನವರು ನಮ್ಮೂರಿನವರು.

ಇತಿ,
ನಿಮ್ಮ ಹಳೆಯ ಓದುಗ, ಒಬ್ಬ ಡ್ರೈವರ್
ಮೀರಾ ರೋಡ್ ಪೂರ್ವ