ಅಂಗಳ ಯಾಕೆ ಒದ್ದೆಯಾಗಿರಲಿಲ್ಲ

ಮಡಿಕೇರಿ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಹುಡುಗಿ,

ನಿನ್ನ ಲೇಖನ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಬೇಸರ ಮಾಡ್ಕೋಬೇಡ. ಅವಸರದಲ್ಲಿ ಓದಬಾರದು ಅಂತ ಮೂರು ಸಲ ಓದಿದೆ. ನನ್ನನ್ನು ಅಮ್ಮಾ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ‘ನೀನು’ ಅಂತಲೇ ಬರೆಯುತ್ತೇನೆ.

ಮಾರ್ಚ್ ಮೊದಲ ವಾರ ನೀನು ದಾವಣಗೆರೆಯಿಂದ ಒಬ್ಬಳೇ ಬಸ್ಸು ಹತ್ತಿ ಕೊಡಗಿಗೆ ಬಂದೆ. ಚೆಟ್ಟಿಮಾನಿ ಹತ್ತಿರದ ಒಂದು ಮನೆಯಲ್ಲಿ ಐದು ರಾತ್ರಿ ಉಳಿದೆ. ಊರಿಗೆ ಹೋಗಿ ಹನ್ನೆರಡು ಪುಟ ಬರೆದೆ. ಆ ಹನ್ನೆರಡು ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೇ ಪುಟದ ಮೂರು ಸಾಲು. ‘ರಾತ್ರಿ ಮಳೆಯ ಸದ್ದಿಗೆ ಎಚ್ಚರವಾಯಿತು. ಬೆಳಗ್ಗೆ ಬಾಗಿಲು ತೆಗೆದರೆ ಅಂಗಳ ಒಣಗಿಯೇ ಇತ್ತು. ತೋಟಕ್ಕೆ ನೀರು ಬಿಟ್ಟಿದ್ದರಂತೆ.’ ಇಷ್ಟು ಬರೆದು ಮುಂದಿನ ಸಾಲಿನಲ್ಲೇ ನೀನು ರಾಜಾಸೀಟ್‌ಗೆ ಹೊರಟುಬಿಟ್ಟೆ. ನನಗೆ ‘ಅಯ್ಯೋ, ನಿಲ್ಲು ಮಾರಾಯ್ತಿ’ ಅನ್ನಬೇಕು ಅನಿಸಿತು.

ಆ ಮೂರು ಸಾಲಿನಲ್ಲಿ ನೀನು ಇದ್ದೀಯ. ಬೇರೆ ಪುಟಗಳಲ್ಲಿ ಕೊಡಗು ಇದೆ, ಆದರೆ ಅದು ನೀನು ಬರುವ ಮೊದಲೇ ಓದಿಕೊಂಡಿದ್ದ ಕೊಡಗು. ಮಂಜು ಮುಸುಕಿದ ಬೆಟ್ಟ ಅಂತ ನಾಲ್ಕು ಕಡೆ ಬರೆದಿದ್ದೀಯ. ಮಾರ್ಚ್‌ನಲ್ಲಿ ನಮ್ಮ ಬೆಟ್ಟಗಳ ಹುಲ್ಲು ಒಣಗಿ ಹಳದಿಯಾಗಿರುತ್ತದೆ. ಬೆಳಗ್ಗೆ ಸ್ವಲ್ಪ ಮಂಜು ಇರಬಹುದು, ಬಿಸಿಲು ಬಂದ ಮೇಲೆ ಅದು ಉಳಿಯುವುದಿಲ್ಲ. ಅಬ್ಬಿ ಜಲಪಾತ ಭೋರ್ಗರೆಯುತ್ತಿತ್ತು ಅಂದಿದ್ದೀಯ. ಆಗ ಅಲ್ಲಿ ಬಂಡೆಯೇ ಜಾಸ್ತಿ, ನೀರು ಕಮ್ಮಿ. ನೀನು ಬೇಕೆಂದು ಸುಳ್ಳು ಹೇಳಿಲ್ಲ, ಅದು ನನಗೆ ಗೊತ್ತು. ಕಣ್ಣು ಕಂಡದ್ದಕ್ಕಿಂತ ಮೊದಲು ಓದಿದ್ದ ಮಾತು ಕೈಗೆ ಬಂತು, ಅಷ್ಟೇ. ಎಲ್ಲರಿಗೂ ಹಾಗೆ ಆಗುತ್ತದೆ.

ತಲಕಾವೇರಿಯ ಬಗ್ಗೆ ಬರೆದದ್ದು ಮಾತ್ರ ನನ್ನ ಮನಸ್ಸಿಗೆ ಚುಚ್ಚಿತು. ‘ಭವ್ಯವಾಗಿ ಉಕ್ಕಿ ಹರಿಯುವ ಕಾವೇರಿ’ ಅಂತ ಬರೆದಿದ್ದೀಯ. ನಿಜ ಹೇಳು, ನೀನು ಕಂಡದ್ದು ಅದೇನಾ? ಅಲ್ಲಿರುವುದು ಒಂದು ಪುಟ್ಟ ಕುಂಡಿಕೆ. ಅದರ ಮುಂದೆ ಒಂದು ಕೊಳ. ತೀರ್ಥೋದ್ಭವ ಆಗುವುದು ಅಕ್ಟೋಬರ್ ನಡುವೆ, ತುಲಾ ಸಂಕ್ರಮಣಕ್ಕೆ. ಬೇಸಿಗೆಯಲ್ಲಿ ಹೋದವರಿಗೆ ನದಿ ಹರಿಯುವುದೇ ಅಲ್ಲಿ ಕಾಣುವುದಿಲ್ಲ. ಎಷ್ಟೋ ಜನ ಅಲ್ಲಿ ನಿಂತು ‘ಇಷ್ಟೇನಾ?’ ಅಂತ ಮೆಲ್ಲಗೆ ಅನ್ನುವುದನ್ನು ನಾನೇ ಕೇಳಿದ್ದೇನೆ. ನಿನಗೂ ಹಾಗನಿಸಿತಾ? ಅನಿಸಿದ್ದರೆ ಅದನ್ನೇ ಬರೆ. ಸುಮಾರು 800 ಕಿಲೋಮೀಟರ್ ಹರಿದು ಸಮುದ್ರ ಸೇರುವ ನದಿ ಇಷ್ಟು ಸಣ್ಣದಾಗಿ, ಇಷ್ಟು ಸುಮ್ನೆ ಹುಟ್ಟುತ್ತದೆ. ‘ಭವ್ಯ’ ಅಂದ ಕೂಡಲೇ ಆ ಬೆರಗು ಹೊರಟುಹೋಗುತ್ತದೆ. ‘ಇಷ್ಟೇನಾ’ ಅಂದರೆ ಉಳಿಯುತ್ತದೆ.

ನನಗೆ ಹೇಳಬೇಕಾದ ಮಾತು ಇದೇ. ಊರು ಬಿಟ್ಟು ಹೋದಾಗ ನೀನು ಎಲ್ಲಿ ತಪ್ಪು ತಿಳಿದೆಯೋ ಆ ಜಾಗವನ್ನು ಗುರುತು ಹಾಕಿಕೋ. ಆಮೇಲೆ ಸರಿ ಗೊತ್ತಾಯಿತು ಅಂತ ಮೊದಲಿನ ತಪ್ಪನ್ನು ಅಳಿಸಬೇಡ. ಎರಡನ್ನೂ ಬರೆ. ನಿಜವಾಗಿ ಏನಾದರೂ ಹೊಸದು ಕಂಡಿದ್ದರೆ ಅದು ಆ ಎರಡರ ನಡುವೆಯೇ ಇರುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಮೊದಲ ಸಲ ದೂರದ ಊರಿಗೆ ಹೋದೆ. ಕಾಲೇಜಿನ ಗೆಳತಿಯ ಮದುವೆ, ಮೇ ತಿಂಗಳು, ವಿಜಯಪುರದ ಹತ್ತಿರದ ಹಳ್ಳಿ. ಬಸ್ಸಿಳಿದು ಆ ಬಿಸಿಲಿನಲ್ಲಿ ನಡೆದು ಅವರ ಮನೆ ಸೇರಿದೆ. ಗೆಳತಿಯ ಅಜ್ಜಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ತಂಬಿಗೆ ನೀರು ತಂದು ಮುಂದೆ ಇಟ್ಟರು. ನಮ್ಮ ಕಡೆ ಬೆಲ್ಲ ಹಾಕಿ ಕಾಫಿ ಮಾಡುತ್ತಾರೆ. ಬೆಲ್ಲ ಬಂತು, ಹಿಂದೆ ಕಾಫಿ ಬರುತ್ತದೆ ಅಂತ ನಾನು ಕಾದು ಕೂತೆ. ನೀರು ಮುಟ್ಟಲಿಲ್ಲ, ಬೆಲ್ಲವನ್ನೂ ಮುಟ್ಟಲಿಲ್ಲ. ಅಜ್ಜಿ ಎರಡು ಸಲ ಬಂದು ನೋಡಿದರು. ಕೊನೆಗೆ ಪಕ್ಕದಲ್ಲಿ ಕೂತು, ‘ಬಿಸಲಾಗ ಬಂದೀ, ಬರೇ ನೀರು ಕುಡೀಬಾರದವ್ವ, ಬೆಲ್ಲ ತಿಂದು ಕುಡಿ’ ಅಂದರು. ಬಿಸಿಲಿನ ನಾಡಿನ ತಿಳಿವಳಿಕೆ ಅದು. ಮಳೆ ನಾಡಿನ ಹುಡುಗಿಗೆ ಎಲ್ಲಿಂದ ಗೊತ್ತಿರಬೇಕು?

ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಮಲಗಿದೆವು. ಆಕಾಶ ನೋಡಿ ನನಗೆ ಮೊದಲು ಭಯವೇ ಆಯಿತು. ನಮ್ಮ ಮನೆ ಕಾಫಿ ತೋಟದ ನಡುವೆ. ಮೇಲೆ ಹಲಸು, ನಂದಿ, ಸಿಲ್ವರ್ ಮರಗಳು. ನನಗೆ ಗೊತ್ತಿದ್ದ ಆಕಾಶ ನಮ್ಮ ಅಂಗಳದಷ್ಟೇ ದೊಡ್ಡದು. ಮಳೆಗಾಲದಲ್ಲಿ ಅದೂ ಇಲ್ಲ. ಇಲ್ಲಿ ನೋಡಿದರೆ ಈ ಅಂಚಿನಿಂದ ಆ ಅಂಚಿನವರೆಗೆ ಬರೀ ನಕ್ಷತ್ರ. ನಾನು ಇಷ್ಟು ವರ್ಷ ಒಂದು ತುಂಡು ಆಕಾಶದ ಕೆಳಗೆ ಬೆಳೆದವಳು ಅಂತ ಗೊತ್ತಾದದ್ದು ಆ ಮಾಳಿಗೆಯ ಮೇಲೆ. ಹೋದದ್ದು ವಿಜಯಪುರಕ್ಕೆ, ಕಂಡದ್ದು ನಮ್ಮ ಮನೆಯ ಅಂಗಳ.

ಇದನ್ನೆಲ್ಲ ಆಗ ಬರೆದೆ ಅಂದುಕೊಂಡೆಯಾ? ಇಲ್ಲ. ಗೋಲಗುಮ್ಮಟದ ಬಗ್ಗೆ ಎಂಟು ಪುಟ ಬರೆದೆ. 1656ರಲ್ಲಿ ಕಟ್ಟಿ ಮುಗಿಸಿದ್ದು, ಗುಮ್ಮಟದ ಅಳತೆ, ಪಿಸುಮಾತು ಆಚೆ ಗೋಡೆಗೆ ಕೇಳುವುದು, ಎಲ್ಲ ಇತ್ತು. ಬೆಲ್ಲ ಇರಲಿಲ್ಲ, ಮಾಳಿಗೆ ಇರಲಿಲ್ಲ. ಅದೆಲ್ಲ ಬರೆಯುವ ವಿಷಯ ಅಂತಲೇ ನನಗೆ ಅನಿಸಿರಲಿಲ್ಲ. ಒಂದು ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಅದಕ್ಕೆ ಈಗ ಬೇಸರ ಇಲ್ಲ. ಬೇಸರ ಬೇರೆ ವಿಷಯಕ್ಕೆ. ಆ ಅಜ್ಜಿಯ ಮುಖ ನನಗೀಗ ನೆನಪಿಲ್ಲ. ಕೈ ಬಳೆ ಯಾವ ಬಣ್ಣ, ಮಾಳಿಗೆಯಲ್ಲಿ ಮಲಗಿ ಹೆಂಗಸರು ಏನು ಮಾತಾಡಿದರು, ಒಂದೂ ನೆನಪಿಲ್ಲ. ಆ ರಾತ್ರಿಯೇ ನಾಲ್ಕು ಸಾಲು ಗೀಚಿಟ್ಟಿದ್ದರೆ ಇರುತ್ತಿತ್ತು. ಗೋಲಗುಮ್ಮಟ ಇವತ್ತು ಹೋದರೂ ಅಲ್ಲೇ ಇರುತ್ತದೆ. ಅಜ್ಜಿ ಇಲ್ಲ.

ಅದಕ್ಕೇ ನಿನ್ನ ಮೂರು ಸಾಲು ನೋಡಿ ನನಗೆ ಅಷ್ಟು ಖುಷಿ, ಅಷ್ಟೇ ಚಡಪಡಿಕೆ. ಆ ಮಳೆಯ ಸದ್ದಿನ ಹಿಂದೆ ಏನಿತ್ತು ಅಂತ ನೀನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಈಗ ನಾನು ಹೇಳುತ್ತೇನೆ, ಕೇಳು.

ಕುಯಿಲು ಮುಗಿದ ಮೇಲೆ ಕಾಫಿ ಗಿಡ ಒಣಗಿನಲ್ಲಿ ನಿಂತಿರುತ್ತದೆ. ಗೆಣ್ಣು ಗೆಣ್ಣಿನಲ್ಲಿ ಮೊಗ್ಗು ಇರುತ್ತದೆ, ಅರಳುವುದಿಲ್ಲ. ನೀರಿಗಾಗಿ ಕಾಯುತ್ತದೆ. ಒಂದು ಇಂಚು, ಅದಕ್ಕಿಂತ ಸ್ವಲ್ಪ ಜಾಸ್ತಿ ಮಳೆ ಬಂದರೆ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಇದಕ್ಕೆ ಹೂಮಳೆ ಅನ್ನುತ್ತೇವೆ. ಹೂವು ನಿಲ್ಲುವುದು ಎರಡು ಮೂರು ದಿನ. ರೊಬಸ್ಟಾ ಜಾತಿಯ ಕಾಫಿ ಗಿಡಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಬೀಸಬೇಕು, ಜೇನು ಬರಬೇಕು, ಬೇರೆ ಗಿಡದ ಪರಾಗ ಇಲ್ಲಿಗೆ ಬರಬೇಕು. ಹೂವು ಅರಳಿದ ದಿನವೇ ಮಳೆ ಹೊಡೆದರೆ ಫಸಲಿಗೆ ಪೆಟ್ಟು. ಹೂವಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು. ಅದಕ್ಕೆ ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ಬರದಿದ್ದರೆ ಕಟ್ಟಿದ ಕಾಯಿಯೂ ನಿಲ್ಲುವುದಿಲ್ಲ.

ಇಲ್ಲಿ ಮಳೆಯನ್ನು ಇಂಚಿನಲ್ಲಿ, ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಎಷ್ಟೋ ಮನೆಗಳಲ್ಲಿ ಮಳೆ ಮಾಪಕ ಇರುತ್ತದೆ. ಮಾರ್ಚ್‌ನಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಬೆಳಗ್ಗೆ ಫೋನಿನಲ್ಲಿ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು ಸೆಂಟ್?’ ಆಚೆ ಗುಡ್ಡಕ್ಕೆ ಒಂದು ಇಂಚು ಬಂದು ಈಚೆ ತೋಟಕ್ಕೆ ಇಪ್ಪತ್ತು ಸೆಂಟ್ ಬಂದಿರುತ್ತದೆ. ಮೊಗ್ಗಿಗೆ ಆ ಅರೆಬರೆ ಮಳೆ ಒಳ್ಳೆಯದಲ್ಲ. ಹಾಗಾಗಿ ಕೆರೆ ಇರುವವರು ಮೋಡ ನಂಬಿ ಕೂರುವುದಿಲ್ಲ. ಪಂಪ್ ಇಟ್ಟು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾರಿಸುತ್ತಾರೆ. ಹಗಲು ರಾತ್ರಿ ಪಂಪ್ ಓಡುತ್ತದೆ. ಕೆಲವು ಗಂಟೆಗೊಮ್ಮೆ ಪೈಪ್ ಬಿಚ್ಚಿ, ನೀರು ಚಿಮ್ಮಿಸುವ ಜೆಟ್‌ಗಳನ್ನು ಮುಂದಿನ ಜಾಗಕ್ಕೆ ಹಾಕಬೇಕು. ನೀನು ಹೊದ್ದು ಮಲಗಿ ‘ಮಳೆ’ ಅಂದುಕೊಂಡೆಯಲ್ಲ, ಆ ಹೊತ್ತಿನಲ್ಲಿ ಯಾರೋ ಒಬ್ಬರು ಟಾರ್ಚ್ ಹಿಡಿದು, ಮೈಯೆಲ್ಲ ನೆನೆದು, ಕತ್ತಲಲ್ಲಿ ಪೈಪ್ ಹೊತ್ತು ನಡೆಯುತ್ತಿದ್ದರು. ಯಾರು ಅವರು? ಮನೆಯವರಾ? ಇಲ್ಲಿನ ಆದಿವಾಸಿಗಳಾದ ಯರವರ ಹಾಡಿಯಿಂದ ಬಂದವರಾ? ಅಸ್ಸಾಮಿನಿಂದ ಬಂದ ಹುಡುಗರಾ? ಈಗೀಗ ನಮ್ಮ ತೋಟಗಳಲ್ಲಿ ಅಸ್ಸಾಮಿನವರು ತುಂಬಾ ಜನ ಇದ್ದಾರೆ. ಅವರೂ ಮನೆ ಬಿಟ್ಟು ಬಂದವರೇ ಅಲ್ವಾ? ಕೊಡಗಿನ ಚಳಿಯಲ್ಲಿ ಮೊದಲ ರಾತ್ರಿ ಅವರಿಗೇನನಿಸಿತು ಅಂತ ನಾನೂ ಇದುವರೆಗೆ ಯಾರನ್ನೂ ಕೂತು ಕೇಳಿಲ್ಲ. ಇದನ್ನು ಬರೆಯುವಾಗ ಹೊಳೆಯಿತು.

ಇನ್ನೊಂದು ವಿಷಯಕ್ಕೆ ನಿನ್ನ ಬೆನ್ನು ತಟ್ಟಬೇಕು. ಮನೆಯ ಅಜ್ಜಿ ‘ಬಿಸಿನೀರು ಉಟ್ಟು’ ಅಂದರು ಅಂತ ಬರೆದಿದ್ದೀಯ. ‘ಉಂಟು’ ಅಂತ ತಿದ್ದದೆ ಕಿವಿಗೆ ಬಿದ್ದ ಹಾಗೆ ‘ಉಟ್ಟು’ ಅಂತಲೇ ಬಿಟ್ಟಿದ್ದೀಯ. ಬಹಳ ಒಳ್ಳೆಯ ಕೆಲಸ. ಅದು ಅರೆಭಾಷೆ. ಆದರೆ ಮುಂದಿನ ಪುಟದಲ್ಲೇ ಅವರನ್ನು ‘ಕೊಡವ ಅಜ್ಜಿ’ ಅಂದುಬಿಟ್ಟೆ. ಕೊಡಗಿನವರೆಲ್ಲ ಕೊಡವರಲ್ಲ. ಕೊಡವರ ಮಾತು ಕೊಡವ ತಕ್ಕ್, ಅದೇ ಬೇರೆ. ಅರೆಭಾಷೆ ಇಲ್ಲಿನ ಗೌಡರ ಮನೆಗಳ ಮಾತು, ಆಚೆ ಸುಳ್ಯದ ಕಡೆಯೂ ಇದೆ. ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಅರ್ಧ ಗಂಟೆ ಸುಮ್ನೆ ನಿಂತರೆ ಇವೆರಡರ ಜೊತೆಗೆ ತುಳು, ಮಲಯಾಳ, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತವೆ. ನಡುವೆ ಕನ್ನಡ ಎಲ್ಲರ ಕೈ ಹಿಡಿದುಕೊಂಡು ಓಡಾಡುತ್ತಿರುತ್ತದೆ. ನಿನ್ನ ಕಿವಿ ಸರಿಯಾಗಿ ಕೇಳಿತ್ತು, ಪೆನ್ನು ಅವಸರ ಮಾಡಿತು. ಕಿವಿಯನ್ನು ನಂಬು.

ಕೊಡವರನ್ನು ನೋಡಬೇಕು ಅಂತಿದ್ದರೆ ಏಪ್ರಿಲ್‌ನಲ್ಲಿ ಬಾ, ಕೊಡವ ಕುಟುಂಬಗಳ ಹಾಕಿ ಹಬ್ಬ ಇರುತ್ತದೆ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ 60 ಕುಟುಂಬಗಳಿಂದ ಶುರುವಾದದ್ದು. ಇಲ್ಲಿ ತಂಡ ಅಂದರೆ ಮನೆತನ. ಅಜ್ಜ, ಮೊಮ್ಮಗ, ಸೊಸೆ ಒಂದೇ ಅಂಗಿ ಹಾಕಿ ಆಡುತ್ತಾರೆ. ಯಾರು ಗೆದ್ದರು ಅಂತ ಪೇಪರ್‌ನಲ್ಲಿ ಬರುತ್ತದೆ. ನೀನು ಮೈದಾನದ ಅಂಚಿನಲ್ಲಿ ಕೂತವರ ಹತ್ತಿರ ಕೂತುಕೋ.

ಫೋಟೋ ಬಗ್ಗೆ ಕೇಳಿದ್ದೀಯ. ತೆಗಿ, ಆದರೆ ಬರೆದಾದ ಮೇಲೆ ನೋಡು. ಮೊದಲೇ ನೋಡಿದರೆ ಫೋಟೋದಲ್ಲಿ ಇರುವುದಷ್ಟೇ ನೆನಪಾಗುತ್ತದೆ. ಸ್ಪ್ರಿಂಕ್ಲರ್ ಸದ್ದು ನಿನ್ನ ಯಾವ ಫೋಟೋದಲ್ಲೂ ಇಲ್ಲ ನೋಡು.

ಕೊನೆಯ ಪುಟಕ್ಕೆ ಬರುತ್ತೇನೆ. ‘ಮರೆಯಲಾಗದ ಪ್ರವಾಸ ಮುಗಿಸಿ ಮನೆ ಸೇರಿದೆ’ ಅಂತ ಮುಗಿಸಿದ್ದೀಯ. ಮನೆ ಸೇರಿದ ಮೇಲೆ ಏನಾಯಿತು? ಐದು ದಿನ ತೋಟದ ನೆರಳಲ್ಲಿದ್ದು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ಹೇಗೆ ಕಂಡಿತು? ನಿಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ ಅಂತ ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಅಲ್ಲಿ ಬೆಳಗಿನ ಹೊತ್ತು ಯಾವ ಸದ್ದು ಇರುತ್ತದೆ? ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ ಹೇಗಿರುತ್ತದೆ? ಚೆಟ್ಟಿಮಾನಿಯ ಆ ಅಜ್ಜಿ ನಿಮ್ಮ ಮನೆಗೆ ಬಂದು ಒಂದು ರಾತ್ರಿ ಮಲಗಿದರೆ ಯಾವ ಸದ್ದಿಗೆ ಏಳುತ್ತಾರೆ, ಅದನ್ನು ಏನು ಅಂದುಕೊಳ್ಳುತ್ತಾರೆ? ವಿಜಯಪುರದಿಂದ ಬಂದ ಮೇಲೆ ಒಂದು ವಾರ ನಾನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೆ. ಅಪ್ಪ ‘ಏನು ಹುಡುಕ್ತಿದ್ದೀ?’ ಅಂತ ಕೇಳಿದ್ದರು. ಆ ಒಂದು ವಾರ ಬಹಳ ಬೆಲೆಯದು. ಆಮೇಲೆ ಕಣ್ಣಿಗೆ ಮತ್ತೆ ಎಲ್ಲ ಅಭ್ಯಾಸವಾಗಿಬಿಡುತ್ತದೆ.

ಈಗ ಒಂದು ಕೆಲಸ ಮಾಡು. ಆ ಮನೆಯ ಅಜ್ಜಿಗೆ ಫೋನ್ ಮಾಡು. ಅವತ್ತು ರಾತ್ರಿ ಪೈಪ್ ಬದಲಾಯಿಸಲು ಯಾರು ಎದ್ದಿದ್ದರು ಅಂತ ಕೇಳು. ಹೂವು ಯಾವತ್ತು ಅರಳಿತು, ಹೇಗಿತ್ತು ಅಂತ ಕೇಳು. ನೀನು ಊರಿಗೆ ಹೊರಟ ಮೇಲೆ ಅರಳಿರಬೇಕು. ಆ ಮಲ್ಲಿಗೆಯಂಥ ಘಮ ನಿನಗೆ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದನ್ನೂ ಬರೆ. ಹನ್ನೆರಡು ಪುಟ ಪಕ್ಕಕ್ಕಿಡು, ಹರಿಯಬೇಡ. ಅಂಗಳದಿಂದ ಶುರು ಮಾಡಿ ಮತ್ತೆ ಕಳಿಸು. ನಾನು ಓದುತ್ತೇನೆ.

ಇಲ್ಲಿ ಈಗ ರಾತ್ರಿ ಹತ್ತು ಗಂಟೆ. ಹೊರಗೆ ಸದ್ದು ಶುರುವಾಗಿದೆ. ಹೆಂಚಿನ ಮೇಲೆ ಬೀಳುತ್ತಿದೆ, ಹಾಗಾಗಿ ಇದು ಮಳೆಯೇ. ಎಷ್ಟು ಸೆಂಟ್ ಅಂತ ಬೆಳಗ್ಗೆ ನೋಡಿ ಪಕ್ಕದ ತೋಟದವರಿಗೆ ಹೇಳಬೇಕು.

ಪ್ರೀತಿಯಿಂದ,
ನಿನ್ನ ಅಮ್ಮ