ಆ ಹಲ್ಲು ಕೀಳದಿದ್ದಕ್ಕೆ ಥ್ಯಾಂಕ್ಸ್

ಮೊನ್ನೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕುತ್ತಿಗೆ ಒತ್ತಿ, ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಐದು ವರ್ಷ ಆಯ್ತು, ಇನ್ನು ವರ್ಷಕ್ಕೊಮ್ಮೆ ಬಂದ್ರೆ ಸಾಕು" ಅಂದರು. ಶಿರಸಿ ಬಸ್ಸಿನಲ್ಲಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಯಾರ್ಯಾರ ಋಣ ಇದೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಮೊದಲನೆಯದು ನಮ್ಮ ಪೇಟೆಯ ಹಲ್ಲಿನ ಡಾಕ್ಟರಮ್ಮನದು.

ನಾನು ಅಡಿಕೆ ಬೆಳೆಯುವವನು. ಹದಿನೆಂಟನೇ ವಯಸ್ಸಿನಿಂದ ಕವಳ, ಅಂದರೆ ಎಲೆ ಅಡಿಕೆ. ದಿನಕ್ಕೆ ಹತ್ತು ಹನ್ನೆರಡು, ಹೊಗೆಸೊಪ್ಪು ಸೇರಿಸಿ, ಯಾವಾಗಲೂ ಎಡಗೆನ್ನೆಯಲ್ಲೇ. ಆ ಜೂನ್‌ನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಚ್ಚಿದಾಗ ಅದೇ ಕೆನ್ನೆ ಚುರ್ ಅಂತು. ಕನ್ನಡಿ ಮುಂದೆ ನಿಂತು ಬೆರಳಲ್ಲಿ ಎಳೆದು ನೋಡಿದರೆ ಬಿಳಿ ಮಚ್ಚೆ, ನಡುವೆ ಅಕ್ಕಿಕಾಳಿನಷ್ಟು ಹುಣ್ಣು. ಉಷ್ಣ ಜಾಸ್ತಿ ಆಗಿದೆ ಅಂದುಕೊಂಡೆ. ಮೆಡಿಕಲ್ ಶಾಪಿನವರು ಬಿ ಕಾಂಪ್ಲೆಕ್ಸ್ ಕೊಟ್ಟರು. ಒಬ್ಬ ಡಾಕ್ಟರು ಬಾಯಿ ತೆರೆಸದೆಯೇ ಮುಲಾಮು ಬರೆದರು. ಎರಡು ಸಲ ಬರೆದರು. ನಾನೂ ಒತ್ತಿ ಹೇಳಲಿಲ್ಲ ಬಿಡಿ. ಖಾರ ತಾಗದಿದ್ದರೆ ನೋವೇ ಇರಲಿಲ್ಲವಲ್ಲ! ಅಷ್ಟರಲ್ಲಿ ಅಡಿಕೆ ಕೊನೆ ಕೊಯ್ಲು ಬಂತು. ಆಳು ಹುಡುಕೋ ಗಡಿಬಿಡಿಯಲ್ಲಿ ಬಾಯಿಹುಣ್ಣು ಯಾರಿಗೆ ನೆನಪು?

ಜನವರಿಯಲ್ಲಿ ದವಡೆ ಹಲ್ಲು ಅಲ್ಲಾಡತೊಡಗಿತು. ಕೀಳಿಸಿಬಿಡೋಣ ಅಂತ ಹೋದೆ. ಡಾಕ್ಟರಮ್ಮ ಇಕ್ಕಳ ಮುಟ್ಟಲಿಲ್ಲ. "ಬಾಯಿ ಎಷ್ಟು ತೆರೆಯುತ್ತೆ ನೋಡೋಣ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ" ಅಂದರು. ಒಂದು ಬೆರಳು ಹೋಯ್ತು, ಎರಡನೆಯದು ಅರ್ಧಕ್ಕೇ ನಿಂತಿತು. ಆಮೇಲೆ ಗ್ಲೌಸ್ ಹಾಕಿ ಹುಣ್ಣಿನ ಅಂಚು ಒತ್ತಿದರು. ಒಣಗಿದ ಅಡಿಕೆಯಷ್ಟೇ ಗಟ್ಟಿ.

"ಎಷ್ಟು ದಿನ ಆಯ್ತು?"

"ಏಳು ತಿಂಗಳು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ಮೂರು ವಾರದಲ್ಲಿ ಮಾಯದ ಹುಣ್ಣಿಂದ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು. ಈ ಹಲ್ಲು ನಾನು ಕೀಳಲ್ಲ" ಅಂದರು. ಬಯಾಪ್ಸಿಗೆ ಚೀಟಿ ಬರೆದುಕೊಟ್ಟರು. ಫೀಸು ತಗೊಳ್ಳಲಿಲ್ಲ.

ಊರಲ್ಲಿ "ಚೂರಿ ತಾಗಿಸಿದ್ರೆ ಕೆರಳುತ್ತೆ" ಅಂದರು. ಅದು ಸುಳ್ಳು ಅಂತ ಈಗ ಗೊತ್ತು. ಆಗ ನಂಬಿ ಮೂರು ವಾರ ನಾಟಿ ಔಷಧ ಕುಡಿದೆ. ಆ ಮೂರು ವಾರ ಯಾರ ತಲೆಗೂ ಕಟ್ಟುವ ಹಾಗಿಲ್ಲ, ನನ್ನದೇ. ಡಾಕ್ಟರಮ್ಮ ಮತ್ತೆ ಮತ್ತೆ ಫೋನ್ ಮಾಡಿ "ಹೋದ್ರಾ?" ಅಂತ ಕೇಳುತ್ತಿದ್ದರು. ಕೊನೆಗೆ ಹೆಂಡತಿ ಬೆಂಗಳೂರಿಗೆ ಟಿಕೆಟ್ ಮಾಡಿಸಿ, "ನೀವು ಬರದಿದ್ರೆ ನಾನೊಬ್ಬಳೇ ಹೋಗಿ ನಿಮ್ಮ ಬಾಯಿ ತೋರಿಸಿ ಬರ್ತೆ" ಅಂದಳು. ಹೇಗೆ ತೋರಿಸುತ್ತಿದ್ದಳೋ!

ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಹುಣ್ಣು ಆಗಲೇ ದವಡೆ ಎಲುಬಿಗೆ ಇಳಿದಿತ್ತು. ಹಲ್ಲು ಅಲ್ಲಾಡಿದ್ದು ಅದಕ್ಕೇ. ಕುತ್ತಿಗೆಯಲ್ಲೂ ಒಂದು ಗಂಟು. ದವಡೆಯ ಒಂದು ಭಾಗ ತೆಗೆದು, ಎದೆಯಿಂದ ಚರ್ಮ ಮಾಂಸ ತಂದು ಕೆನ್ನೆಯೊಳಗೆ ಹೊಲಿದರು. ಕೆಲವು ದಿನ ಬಾಯೊಳಗೆ ಎದೆಗೂದಲು ಬೆಳೆದಿತ್ತು ಅಂದರೆ ನಂಬುತ್ತೀರಾ? ಆಮೇಲೆ ಆರು ವಾರದಲ್ಲಿ 30 ಸಲ ರೇಡಿಯೇಷನ್. ಮುಂಚೆ ಬಂದಿದ್ದರೆ ಎಲುಬು ಉಳಿಯುತ್ತಿತ್ತಾ ಅಂತ ಸರ್ಜನ್‌ರನ್ನು ಕೇಳಿದ್ದೆ. "ಬಹುಶಃ" ಅಂದರು. ಬೈಯಲಿಲ್ಲ. ಅದಕ್ಕೂ ಥ್ಯಾಂಕ್ಸ್.

ಮೂಗಿನ ನಳಿಕೆಯಲ್ಲಿ ಗಂಜಿ ಹಾಕೋದನ್ನು ಹೆಂಡತಿಗೆ ಬೇಸರವಿಲ್ಲದೆ ಕಲಿಸಿದ ಸಿಸ್ಟರ್‌ಗೆ, ರಕ್ತ ಕೊಟ್ಟ ಹುಡುಗರಿಗೆ, ಎರಡೂವರೆ ತಿಂಗಳು ನಮ್ಮ ಕೊಟ್ಟಿಗೆ ನೋಡಿಕೊಂಡ ಪಕ್ಕದ ಮನೆಯವರಿಗೆ ಏನು ಹೇಳಲಿ? ಮಾತಾಡಲು ಬಾರದ ದಿನಗಳಲ್ಲಿ ನನ್ನ ಸ್ಲೇಟು ಓದಿದ ಮಗಳಿಗೆ? ಅವಳಿಗೆ ಈಗಲೂ ನನ್ನ ತೊದಲು ಎಲ್ಲರಿಗಿಂತ ಬೇಗ ಅರ್ಥವಾಗುತ್ತದೆ.

ಒಂದು ಮಾತು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ ಅಲ್ವಾ ಅನ್ನುವವರು ನಮ್ಮಲ್ಲಿ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿದೆ. ತೋಟ ಇನ್ನೂ ಇದೆ, ಹೊಟ್ಟೆಪಾಡು ಅದೇ. ಕವಳದ ಸಂಚಿ ಮಾತ್ರ ಮನೆಯಲ್ಲಿಲ್ಲ.

ನಿನ್ನೆ ಒಂದು ಬಾಟಲಿ ಅಪ್ಪೆಮಿಡಿ ಹಿಡಿದು ಡಾಕ್ಟರಮ್ಮನ ಹತ್ತಿರ ಹೋದೆ. ಬಾಟಲಿ ಪಕ್ಕಕ್ಕಿಟ್ಟು, ಕೈ ತೊಳೆದು ಬಂದು, "ಮೊದಲು ಬೆರಳು ಇಡಿ" ಅಂದರು.

ಎರಡು ಬೆರಳು ಹಿಡಿಯಿತು.