ಪಡಸಾಲೆಗೆ ಕತ್ತಲೆ ಕೊಟ್ಟವರಿಗೆ ನಮಸ್ಕಾರ

ಬಾಗಲಕೋಟೆ ಜಿಲ್ಲೆಯ ಹಳೆಯ ವಾಡೆಯೊಂದರ ಪಡಸಾಲೆಯ ಗೋಡೆಚಿತ್ರಗಳ ಡಿಜಿಟಲ್ ದಾಖಲೆ ಮುಗಿಯಿತು. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯಲ್ಲಿ ಉಳಿದ ಬಣ್ಣಕ್ಕೆ ಸರಕಾರದ ಕಾವಲಿದೆ. ವಾಡೆಗಳ ಬಣ್ಣಕ್ಕೆ ಮನೆಮಂದಿಯೇ ಕಾವಲು. ಹಾಗಾಗಿ ಮೊದಲ ನಮಸ್ಕಾರ, ದಿನಗಟ್ಟಲೆ ಪಡಸಾಲೆ ಬಿಟ್ಟುಕೊಟ್ಟ ಆ ಮನೆಯ ಅವ್ವಾರಿಗೆ.

ಬೆಳಕಿಂಡಿಗಳಿಗೆ ಕರಿ ಕಂಬಳಿ ಕಟ್ಟಿದ ಓಣಿಯವರಿಗೆ ಶರಣು. 365 ನ್ಯಾನೊಮೀಟರ್‌ನ ಅತಿನೇರಳೆ ದೀಪಕ್ಕೆ ಗೋಡೆ ಹೊಮ್ಮಿಸುವ ಹೊಳಪು ಬಹಳ ಮಂದ. ಒಂದು ಸಂದಿಯಿಂದ ಬಿಸಿಲು ನುಸುಳಿದರೂ ಅದು ಕಾಣುವುದಿಲ್ಲ. ಬಿಳಿ ಅಂಗಿ ಬಿಟ್ಟು ಕಪ್ಪು ಬಟ್ಟೆಯಲ್ಲಿ ಬಂದ ಹುಡುಗರ ಉಪಕಾರವೂ ಸಣ್ಣದಲ್ಲ. ಸೋಪಿನ ಪುಡಿಯ ಹೊಳಪುಕಾರಕ ಈ ದೀಪಕ್ಕೆ ನೀಲಿಯಾಗಿ ಬೆಳಗಿ ಗೋಡೆಯ ಲೆಕ್ಕವನ್ನೇ ಕೆಡಿಸುತ್ತದೆ.

ಇನ್ವರ್ಟರ್ ಜೋಡಿಸಿಕೊಟ್ಟ ಕರೆಂಟಿನ ಕೆಲಸದ ಕಾಕಾ ಅವರಿಗೆ ಎಷ್ಟು ಹೇಳಿದರೂ ಕಡಿಮೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲೂ ಗೋಡೆಯ ಚಿತ್ರ ತೆಗೆಯಬೇಕಿತ್ತು. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ಹ್ಯಾಲೊಜನ್ನೇ ಬೇಕು. ವೋಲ್ಟೇಜ್ ಕುಸಿದರೆ ಹ್ಯಾಲೊಜನ್ ಕೆಂಪಗಾಗಿ ಎರಡು ಚಿತ್ರಗಳ ಹೋಲಿಕೆ ಸುಳ್ಳಾಗುತ್ತದೆ. ಅದರ ಕಾವಿಗೆ ಸಡಿಲ ಪದರು ಏಳಬಾರದೆಂದು ಶಟರ್ ತೆರೆದಷ್ಟೇ ಹೊತ್ತು ಅದನ್ನು ಉರಿಸಬೇಕು. ಆ ಹೊತ್ತಿಗೆ ಹಿಟ್ಟಿನ ಗಿರಣಿ ನಿಲ್ಲಿಸಿದ ನೆರೆಯವರಿಗೂ ವಂದನೆ: ನೆಲ ನಡುಗಿದರೆ ಟ್ರೈಪಾಡೂ ನಡುಗುತ್ತದೆ, ಸಾಮಾನ್ಯ ಚಿತ್ರದ ಮೇಲೆ ಇನ್‌ಫ್ರಾರೆಡ್ ಚಿತ್ರ ಕೂರುವುದಿಲ್ಲ. ಮೊದಲೇ ಇನ್‌ಫ್ರಾರೆಡ್‌ಗೆ ಫೋಕಸ್ ಬೇರೆ, ಅದನ್ನು ತಿದ್ದಿದರೆ ಚಿತ್ರದ ಅಳತೆಯೂ ಕೂದಲೆಳೆಯಷ್ಟು ಬದಲಾಗುತ್ತದೆ. ಮೂಲೆಗಳ ಗುರುತು ಹಿಡಿದು ಎರಡನ್ನೂ ಸರಿಹೊಂದಿಸಿದ ಕಾಲೇಜು ವಿದ್ಯಾರ್ಥಿಗಳ ತಾಳ್ಮೆ ದೊಡ್ಡದು.

ಇಷ್ಟು ಜನ ಕೈಗೂಡಿಸಿದ್ದರಿಂದ ಸಿಕ್ಕಿದ್ದು ಇದು. ಕಂಪ್ಯೂಟರಿನಲ್ಲಿ ಇನ್‌ಫ್ರಾರೆಡ್ ಚಿತ್ರವನ್ನು ಕೆಂಪಿನ ಜಾಗಕ್ಕೆ, ಕೆಂಪನ್ನು ಹಸಿರಿನ ಜಾಗಕ್ಕೆ, ಹಸಿರನ್ನು ನೀಲಿಯ ಜಾಗಕ್ಕೆ ಕೂರಿಸಿ ನೋಡಿದಾಗ, ಬರಿಗಣ್ಣಿಗೆ ಒಂದೇ ಎನಿಸುವ ನೀಲಿ ಎರಡಾಯಿತು. ಒಂದು ಕೆಂಪಾಗಿ ತಿರುಗಿತು: ಅದು ನೀಲಿ ಗಿಡದ ಬಣ್ಣವಿರಬಹುದು, ಅಲ್ಟ್ರಾಮರೀನ್ ಎಂಬ ನೀಲಿ ಪುಡಿ ಕೂಡ ಇರಬಹುದು, ಈ ವಿಧಾನ ಅವೆರಡನ್ನು ಬೇರ್ಪಡಿಸದು. ಇನ್ನೊಂದು ಕಪ್ಪಾಗಿಯೇ ಉಳಿಯಿತು: ಅಜುರೈಟ್ ಎಂಬ ತಾಮ್ರದ ಖನಿಜ, ಅಥವಾ ಪ್ರಷ್ಯನ್ ನೀಲಿ ಎಂಬ ಕಬ್ಬಿಣದ ಕೃತಕ ಬಣ್ಣ. ಎಕ್ಸ್-ರೇ ಹಾಯಿಸಿ ಬಣ್ಣದೊಳಗಿನ ಧಾತು ಗುರುತಿಸುವ ಎಕ್ಸ್-ರೇ ಫ್ಲೋರೊಸೆನ್ಸ್ ಪರೀಕ್ಷೆಯಲ್ಲಿ ತಾಮ್ರ ಸಿಕ್ಕರೆ ಅಜುರೈಟ್. ಬರೀ ಕಬ್ಬಿಣ ಸಿಕ್ಕರೆ ಪ್ರಷ್ಯನ್ ನೀಲಿ ಇರಬಹುದು, ಆದರೆ ಕೆಳಗೆ ಹುರಮಂಜು (ಕೆಂಪು ಮಣ್ಣಿನ ಬಣ್ಣ) ಇದ್ದರೂ ಕಬ್ಬಿಣವೇ ಕಾಣುತ್ತದೆ. ಪ್ರಷ್ಯನ್ ನೀಲಿ ಹುಟ್ಟಿದ್ದೇ 18ನೇ ಶತಮಾನದ ಆರಂಭದಲ್ಲಿ, ಬರ್ಲಿನ್ನಿನಲ್ಲಿ. ಹಾಗಾದರೆ ಆ ಭಾಗ ಅದಕ್ಕಿಂತ ಹಳೆಯದಲ್ಲ. ದೀಪದ ಮಸಿ ಹತ್ತಿದ ಕಡೆ ಮಾತ್ರ ಏನೂ ಹೇಳಲಾಗದು, ಮಸಿ ಇನ್‌ಫ್ರಾರೆಡ್ ನುಂಗಿ ಎಲ್ಲವನ್ನೂ ಕಪ್ಪು ತೋರಿಸುತ್ತದೆ. ಗೋಡೆ ಕೆರೆಯದೆ, ಎಲ್ಲಿ ಪರೀಕ್ಷಿಸಬೇಕೆಂಬುದಷ್ಟು ಗೊತ್ತಾಯಿತು. ಅದೇ ದೊಡ್ಡ ಲಾಭ.

ಕಚ್ಚಾ ಕಡತಗಳ ಒಂದು ಪ್ರತಿ ಮನೆಯವರ ಬಳಿಯೇ ಇದೆ. ಅವ್ವಾರಲ್ಲಿ ಇನ್ನೊಂದು ಬೇಡಿಕೆ: ದೀಪಾವಳಿಗೆ ಮನೆಗೆಲ್ಲ ಸುಣ್ಣ ಹಚ್ಚುವಾಗ ಈ ಗೋಡೆಯನ್ನೂ ಅದರ ಆಚೀಚಿನ ಅಂಚನ್ನೂ ಬಿಟ್ಟುಬಿಡಿ, ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ. ಕಪ್ಪಾಗಿ ಉಳಿದ ಆ ಬಣ್ಣ ಪ್ರಷ್ಯನ್ ನೀಲಿಯೇ ಆಗಿದ್ದರೆ ಹಸಿ ಸುಣ್ಣದ ಕ್ಷಾರ ತಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಮತ್ತೆ ನೀಲಿಯಾಗುವುದಿಲ್ಲ.